ಕರೆದ ವಾಸನೆ, ಬಂದ ಹುಳು

ಪ್ರಶ್ನೆ: ಎಂಟು ವರ್ಷದ ತೆಂಗಿನ ತೋಟಕ್ಕೆ ಕೆಂಪು ಮೂತಿ ಹುಳುವಿನ ಬಕೆಟ್ ಬಲೆ ತಂದು ಮರಕ್ಕೇ ಕಟ್ಟಿದೆವು. ಬಿದ್ದಿದ್ದು ನಾಲ್ಕೈದು ಹುಳು, ಆಮೇಲೆ ಆ ಮರವೇ ಸುಳಿ ಬಾಗಿ ಹೋಯಿತು. ಹುಳುವನ್ನು ನಾವೇ ಕರೆಸಿಕೊಂಡೆವೇ?
– ಓದುಗರು, ಅರಸೀಕೆರೆ

ಉತ್ತರ: ಪೂರ್ತಿ ಬಲೆಯದೇ ತಪ್ಪು ಎನ್ನುವಂತಿಲ್ಲ. ಸುಳಿ ಬಾಗುವ ಹೊತ್ತಿಗೆ ಮರಿಹುಳು ಒಳಗೆ ಕೊರೆಯಲು ಶುರುಮಾಡಿ ಬಹಳ ದಿನವಾಗಿರುತ್ತದೆ. ಆದರೆ ಬಲೆ ಕಟ್ಟಿದ ಜಾಗ ಮಾತ್ರ ಖಂಡಿತ ತಪ್ಪು.

ಬಲೆಯೊಳಗೆ ತೂಗುಹಾಕುವ ವಾಸನೆಯ ಪೊಟ್ಟಣ, ಅಂದರೆ ಲ್ಯೂರ್‌ನಲ್ಲಿರುವುದು ಫೆರುಜಿನಿಯಾಲ್, ಗಂಡು ಹುಳು ಬಿಡುವ ವಾಸನೆ. ಅದಕ್ಕೆ ಹೆಣ್ಣೂ ಬರುತ್ತವೆ, ಬೇರೆ ಗಂಡುಗಳೂ ಬರುತ್ತವೆ. ಬಂದವೆಲ್ಲ ನೇರ ಬಕೆಟ್‌ಗೆ ಬೀಳುವುದಿಲ್ಲ. ಎಷ್ಟೋ ಹುಳು ಅಕ್ಕಪಕ್ಕ ಇಳಿದು ಹತ್ತುತ್ತವೆ. ಎಳೆ ಮರದಲ್ಲಿ ಗಾಯ ಕಂಡರೆ ಅಲ್ಲೇ ಮೊಟ್ಟೆ. 5ರಿಂದ 20 ವರ್ಷದ ಮರಗಳಿಗೇ ಕಾಟ ಹೆಚ್ಚು. ಹಾಗಾಗಿ ಬಲೆಯನ್ನು ತೋಟದ ಅಂಚಿನಲ್ಲಿ, ನೆರಳಿನಲ್ಲಿ, ಗೂಟಕ್ಕೆ ಒಂದು ಮೀಟರ್ ಎತ್ತರದಲ್ಲಿ ಕಟ್ಟಿ. ಬಿಸಿಲಿಗೆ ಬಿದ್ದರೆ ಲ್ಯೂರ್ ಬೇಗ ಆರಿಹೋಗುತ್ತದೆ. ಎರಡೂವರೆ ಎಕರೆಗೆ ಒಂದು ಸಾಕು.

ಹುಳು ಕಡಿಮೆ ಬಿದ್ದಿದ್ದಕ್ಕೆ ಕಾರಣ ಬಹುಶಃ ಬಕೆಟ್‌ನ ಒಳಗೇ ಇದೆ. ಬರೀ ಲ್ಯೂರ್ ತೂಗುಹಾಕಿದರೆ ಕೆಲಸ ಅರ್ಧ. ಹುಳಿಯುತ್ತಿರುವ ತಿನಿಸಿನ ವಾಸನೆಯೂ ಜೊತೆಗೆ ಬೇಕು. ಜಜ್ಜಿದ ಕಬ್ಬು ಅಥವಾ ಬಾಳೆಹಣ್ಣು, ಚಿಟಿಕೆ ಯೀಸ್ಟ್, ಒಂದು ಲೀಟರ್ ನೀರು. ವಾರಕ್ಕೊಮ್ಮೆ ಬದಲಿಸಿ. ನೀರು ಆರಿದರೆ ಬಿದ್ದ ಹುಳು ತಪ್ಪಿಸಿಕೊಂಡು ಹೊರಗೆ ಹೋಗುತ್ತದೆ. ನುಣುಪಾದ ಪ್ಲಾಸ್ಟಿಕ್ ಮೇಲೆ ಅದಕ್ಕೆ ಕಾಲು ನಿಲ್ಲದು, ಹೊರಮೈಗೆ ಗೋಣಿ ಸುತ್ತಿದರೆ ಕಿಂಡಿಯವರೆಗೆ ಸಲೀಸಾಗಿ ಏರುತ್ತದೆ. ಸಿಕ್ಕಿದವನ್ನು ಎಣಿಸುವಾಗ ಮೂತಿ ನೋಡಿ: ಮೇಲೆ ಕುಚ್ಚಿನಂತೆ ಕೂದಲಿದ್ದರೆ ಗಂಡು, ಬೋಳಾಗಿದ್ದರೆ ಹೆಣ್ಣು. ಹೆಣ್ಣು ಹೆಚ್ಚು ಬೀಳುತ್ತಿದ್ದರೆ ಬಲೆ ಸರಿಯಾಗಿದೆ.

ಹಸಿ ಗರಿ ಕಡಿಯಲೇಬೇಕಾದರೆ ಕಾಂಡದಿಂದ ನಾಲ್ಕು ಅಡಿ ದಂಟು ಬಿಟ್ಟು ಕಡಿಯಿರಿ. ಬುಡಕ್ಕೇ ಕಡಿದ ಹಸಿಗಾಯ ಆ ಹುಳುವಿಗೆ ತೆರೆದ ಬಾಗಿಲು. ಹೋದ ಮರವನ್ನು ಸೀಳಿ ಸುಟ್ಟುಬಿಡಿ, ಒಳಗಿನ ಗೂಡುಗಳಿಂದ ಮುಂದಿನ ತಲೆಮಾರು ಹಾರುತ್ತದೆ.

ಪ್ರಶ್ನೆ: ತುಡುವೆ ಜೇನಿನ ಪೆಟ್ಟಿಗೆ ತೆಗೆದಾಗ ಒಂದು ಕುಟುಕಿದರೆ ಸಾಲುಗಟ್ಟಿ ಕುಟುಕುತ್ತವೆ, ಅದೂ ಅದೇ ಜಾಗಕ್ಕೆ. ಏಕೆ?
– ಓದುಗರು, ಮೂಡಿಗೆರೆ

ಉತ್ತರ: ಚರ್ಮದಲ್ಲಿ ಉಳಿದ ಮುಳ್ಳಿನಿಂದ ಐಸೋಅಮೈಲ್ ಅಸಿಟೇಟ್ ಹೊರಡುತ್ತದೆ, ಥೇಟ್ ಬಾಳೆಹಣ್ಣಿನ ವಾಸನೆ. ಉಳಿದ ಜೇನುಗಳಿಗೆ ಅದು 'ಶತ್ರು ಇಲ್ಲಿದ್ದಾನೆ' ಎಂಬ ಗುರುತು. ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆದು, ಆ ಜಾಗಕ್ಕೆ ಹೊಗೆ ಹಾಯಿಸಿ. ವಾಸನೆ ಮುಚ್ಚಿಹೋಗುತ್ತದೆ. ಮುಳ್ಳು ತಾಗಿದ ಕೈಗವಸನ್ನು ಮಾತ್ರ ತೊಳೆಯದೆ ಮತ್ತೆ ಹಾಕಬೇಡಿ.