ಬ್ಲೇಡ್ ರನ್ನರ್ ಹುಚ್ಚಿಗೆ ಏನು ಕೊಳ್ಳಬೇಕು?

ಪ್ರಶ್ನೆ: ‘ಬ್ಲೇಡ್ ರನ್ನರ್’ ನೋಡಿ ಹುಚ್ಚು ಹಿಡಿದಿದೆ. ಪುಸ್ತಕ, ಡಿಸ್ಕ್, ಸಂಗೀತ, ಯಾವುದನ್ನು ಕೊಳ್ಳಲಿ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಜನ ಜಾಸ್ತಿ ಏಮಾರುವುದು ಸಂಗೀತದಲ್ಲೇ. ಸಿನಿಮಾ ಬಂದದ್ದು 1982ರಲ್ಲಿ, ಆದರೆ ಆ ವರ್ಷದ ಎಲ್‌ಪಿ ರೆಕಾರ್ಡ್‌ನಲ್ಲಿ ಸಿನಿಮಾದ ಸಂಗೀತ ನಿರ್ದೇಶಕ ವಾಂಗೆಲಿಸ್ ನುಡಿಸಿದ ಸಿಂಥಸೈಜರ್ ಇಲ್ಲ, ಅವರ ಸಂಗೀತವನ್ನು ಬೇರೊಂದು ಆರ್ಕೆಸ್ಟ್ರಾ ನುಡಿಸಿದೆ. ಅವರದೇ ಆಲ್ಬಮ್ ಬರಲು 1994 ಆಗಬೇಕಾಯಿತು. ಹಾಗಾಗಿ ಹಳೆಯ ರೆಕಾರ್ಡ್ ಸಿಕ್ಕಿತೆಂದು ಹಿಗ್ಗುವ ಮೊದಲು ಕವರ್ ತಿರುಗಿಸಿ ಯಾರು ನುಡಿಸಿದ್ದಾರೆಂದು ನೋಡಿ. 1994ರದ್ದರಲ್ಲಿ ನಡುನಡುವೆ ಸಿನಿಮಾದ ಮಾತುಗಳೂ ಇವೆ. ಕೆಲವರಿಗೆ ಕಿರಿಕಿರಿ, ನನಗಂತೂ ಇಷ್ಟ.

ಡಿಸ್ಕ್ ಆದರೆ 2007ರ ‘ಫೈನಲ್ ಕಟ್’, ಅಂದರೆ ನಿರ್ದೇಶಕರೇ ಅಂತಿಮಗೊಳಿಸಿದ ಆವೃತ್ತಿ, ಸಾಕು. ಮನೆಯಲ್ಲಿ ಪ್ಲೇಯರ್ ಇದೆ ತಾನೆ?

ಪುಸ್ತಕ ಎಂದರೆ ಸಿನಿಮಾಕ್ಕೆ ಆಧಾರವಾದ, ಫಿಲಿಪ್ ಕೆ. ಡಿಕ್ ಅವರ 1968ರ ಕಾದಂಬರಿ, ‘ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?’. ಸಿನಿಮಾದ ಕಥೆಯೇ ಇರುತ್ತದೆ ಅಂತ ಓದಬೇಡಿ. ಇಲ್ಲಿ ನಾಯಕನಿಗೆ ಹೆಂಡತಿ ಇದ್ದಾಳೆ, ತಾರಸಿಯ ಮೇಲೆ ಕರೆಂಟಿನ ಕುರಿ ಸಾಕಿದ್ದಾನೆ, ನಿಜವಾದ ಪ್ರಾಣಿಯೊಂದನ್ನು ಕೊಳ್ಳಬೇಕೆಂಬುದೇ ಅವನ ದೊಡ್ಡ ಚಿಂತೆ. ಚರ್ಚ್ ಸ್ಟ್ರೀಟ್‌ನ ಬ್ಲಾಸಮ್ ಅಥವಾ ಬುಕ್‌ವರ್ಮ್‌ನಲ್ಲಿ ವಿಚಾರಿಸಿ. ಸೆಕೆಂಡ್ ಹ್ಯಾಂಡ್ ಪ್ರತಿ ಸಿಕ್ಕರೆ ಬಿಡಬೇಡಿ.