ಗುಡಿಗೆ ಬೆಣ್ಣೆ, ಗೂಡಿಗೆ ಸುಣ್ಣ

ತುಮಕೂರು ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮೂರಿನ ಹಳೇ ಸುಣ್ಣದ ಗೂಡು ಕೆಡವಿ ಸಮುದಾಯ ಭವನ ಕಟ್ಟುತ್ತಾರಂತೆ. ಒಬ್ಬಿಬ್ಬರು ಬೇಡ ಅಂತ ಹಟ ಹಿಡಿದಿದ್ದಾರೆ. ದೇವಸ್ಥಾನ, ಕೋಟೆ ಉಳಿಸಿದರೆ ಸರಿ. ಸುಣ್ಣ ಸುಟ್ಟ ಗೂಡಿನಲ್ಲಿ ಉಳಿಸುವಂಥದ್ದು ಏನಿದೆ?"

ಊರಿಗೆ ಭವನ ಬೇಕು, ಒಪ್ಪಿದೆ. ಆದರೆ ನಿಮ್ಮ ಕೊನೆಯ ಪ್ರಶ್ನೆ ಓದಿ ಬೇಜಾರಾಯಿತು ಸ್ವಾಮಿ. ನೀವು ಕೈಮುಗಿಯುವ ಗೋಪುರದ ಇಟ್ಟಿಗೆಗಳನ್ನು ಹಿಡಿದಿಟ್ಟಿರುವುದು ಸುಣ್ಣದ ಗಾರೆಯೇ ಅಲ್ವಾ? 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಕೂಡಿಸಿದ್ದೂ ಸುಣ್ಣ, ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ.

ನಮ್ಮಜ್ಜಿಯ ಊರಲ್ಲೂ ಇಂಥದೊಂದು ಗೂಡಿತ್ತು. ಬೆಂಕಿ ಆರಿ ಎಷ್ಟೋ ವರ್ಷವಾಗಿತ್ತು. ಒಳಗಿಳಿದು ಗೋಡೆ ಸವರಿದರೆ ಇಟ್ಟಿಗೆ ಗಾಜಿನ ಹಾಗೆ ನುಣ್ಣಗಿತ್ತು. ಅಷ್ಟು ಕಾವು ಕುಡಿದಿತ್ತು. ಸುಣ್ಣಕಲ್ಲು ಬೇಯಲು ಸುಮಾರು 900 ಡಿಗ್ರಿ ಬೇಕು. 100 ಕೆಜಿ ಕಲ್ಲಿಗೆ ಹೆಚ್ಚೆಂದರೆ 56 ಕೆಜಿ ಸುಣ್ಣ. ಕಾವು ಕಮ್ಮಿಯಾದರೆ ಕಲ್ಲಿನ ನಡುವೆ ಹಸಿ ಉಳಿಯುತ್ತದೆ. ಜಾಸ್ತಿಯಾದರೆ ನೀರು ಹಾಕಿದರೂ ಸುಣ್ಣ ಬೇಗ ಅರಳುವುದಿಲ್ಲ. ಇದನ್ನೆಲ್ಲ ಬರೀ ಬೆಂಕಿಯ ಬಣ್ಣ ನೋಡಿ ಹೇಳುತ್ತಿದ್ದರು ಸುಣ್ಣ ಸುಡುವವರು! ಪಕ್ಕದಲ್ಲೇ ಗಾರೆ ಅರೆಯುವ ಗಾಣ. ನೆಲದಲ್ಲಿ ದುಂಡಗೆ ಕಲ್ಲಿನ ದೋಣಿ, ಅದರಲ್ಲಿ ಉರುಳುವ ಕಲ್ಲಿನ ಗಾಲಿ, ಎಳೆಯಲು ಎತ್ತು. ಆ ಗಾಲಿಯನ್ನು ಈಚೆಗೆ ಒಂದು ರೆಸಾರ್ಟಿನ ಗೇಟಿಗೆ ಒರಗಿಸಿದ್ದು ಕಂಡೆ. ಹೊಟ್ಟೆ ಉರಿಯಿತು.

ಹಂಪಿಗೆ ಹೋದವರು ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ಸುತ್ತಲ ಬಂಡೆಗಳನ್ನೂ ನೋಡಿ. ಬೆಣೆ ಹೊಡೆಯಲು ಕೊರೆದ ತೂತುಗಳ ಸಾಲು ಕಾಣುತ್ತದೆ. ಕೆಲವು ಬಂಡೆಗಳನ್ನು ಕೊರೆದಿದ್ದಾರೆ, ಸೀಳಿಲ್ಲ. ನಾಳೆ ಬಂದು ಸೀಳೋಣ ಅಂತ ಮನೆಗೆ ಹೋದ ಹಾಗಿದೆ. ನನಗಂತೂ ಆ ತೂತುಗಳ ಮುಂದೆ ನಿಂತರೆ ರಥ ಮರೆತುಹೋಗುತ್ತದೆ.

ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಲ್ಯಾಂಗ್‌ಕ್ಲಿಫ್ ಅನ್ನುವ ಹಳ್ಳಿಯಿದೆ. ಅಲ್ಲಿ 1873ರ ಸುಣ್ಣದ ಗೂಡೊಂದಿದೆ. 22 ಕೋಣೆ, ಒಂದರಿಂದ ಇನ್ನೊಂದಕ್ಕೆ ಬೆಂಕಿ ಸುತ್ತುತ್ತಿತ್ತಂತೆ. ಇವತ್ತು ಅದು ರಕ್ಷಿತ ಸ್ಮಾರಕ. ನಮ್ಮಲ್ಲೂ ಕಾನೂನು ಅಡ್ಡಿಯಿಲ್ಲ. ಪುರಾತನ ಸ್ಮಾರಕಗಳ 1958ರ ಕೇಂದ್ರ ಕಾಯ್ದೆ ಕೇಳುವುದು 100 ವರ್ಷದ ಹಳಮೆ, ಚರಿತ್ರೆಯ ಮಹತ್ವ. ರಾಜನೇ ಕಟ್ಟಿಸಿರಬೇಕು ಅಂತ ಎಲ್ಲೂ ಬರೆದಿಲ್ಲ. ರಾಜನ ಹೆಸರಿದ್ದರೆ ಕಂಬಿ ಬೇಲಿ, ದುಡಿದವರ ಜಾಗಕ್ಕೆ ಜೆಸಿಬಿ ಅನ್ನುವುದು ನಾವೇ ಮಾಡಿಕೊಂಡ ನಿಯಮ. ಸಿಮೆಂಟ್ ಕಲಸುವವರನ್ನು ಇವತ್ತೂ 'ಗಾರೆ ಕೆಲಸದವರು' ಅನ್ನುತ್ತೇವೆ. ಆದರೆ ಹಳೇ ಗುಡಿ ರಿಪೇರಿಗೆ ನಿಜವಾದ ಗಾರೆ ಬೇಕಾದಾಗ ಕೈ ಪಳಗಿದವರು ಸಿಗುವುದೇ ಕಷ್ಟ. ಸಿಮೆಂಟ್ ಮೆತ್ತುತ್ತಾರೆ, ತೇವ ಒಳಗೇ ಉಳಿದು ಹಳೇ ಇಟ್ಟಿಗೆ ಉದುರುತ್ತದೆ.

ಹಟ ಹಿಡಿದ ಆ ಒಬ್ಬಿಬ್ಬರನ್ನು ಒಮ್ಮೆ ಮಾತಾಡಿಸಿ. ಗಾಣದ ಕಲ್ಲು ಇನ್ನೂ ಅಲ್ಲೇ ಇದ್ದರೆ ಅಳತೆ ತೆಗೆದುಕೊಳ್ಳಿ. ಸುಣ್ಣ ಸುಟ್ಟು ಗೊತ್ತಿರುವ ಹಿರಿಯರು ಇದ್ದರೆ ಅವರನ್ನು ಗೂಡಿನ ಪಕ್ಕ ನಿಲ್ಲಿಸಿ ಫೋಟೋ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಇಟ್ಟಿರುತ್ತೇನೆ.

— ಸಂಪಾದಕ