ಜನ ತುಂಬಿರುತ್ತಿದ್ದ ಹೋಟೆಲ್ ಯಾಕೆ ಮುಚ್ಚಿತು?

ಸಂಜೆ ಕೂರಲು ಜಾಗ ಸಿಗದಷ್ಟು ಜನ ಬರುತ್ತಿದ್ದ ಹೋಟೆಲ್ ಮುಚ್ಚಿ, ಅದೇ ಜಾಗಕ್ಕೆ ಕೆಫೆ ಬಂದದ್ದು ಹೇಗೆ ಅಂತ ಕೇಳಿದ್ದೀರಿ. ಉಳಿದಿರುವ ಹಳೆಯ ಹೋಟೆಲುಗಳ ಬಗ್ಗೆ ನಿಮಗಿರುವ ಆತಂಕ ನನಗೂ ಇದೆ.

ಬಹಳ ಸಲ ಇದಕ್ಕೆ ಕಾರಣ ಬಾಡಿಗೆ ಕರಾರು. ಹಳಬರು ಎಷ್ಟೋ ವರ್ಷದ ಹಿಂದಿನ ದರದಲ್ಲಿ ನಡೆಸಿಕೊಂಡು ಬಂದಿರುತ್ತಾರೆ. ಕರಾರು ಮುಗಿದ ಕೂಡಲೇ ಮಾಲೀಕರು ಇವತ್ತಿನ ದರ ಕೇಳುತ್ತಾರೆ. ಬಾಡಿಗೆಯು ಒಟ್ಟು ವ್ಯಾಪಾರದ ಸುಮಾರು ಶೇ. 10ರೊಳಗೆ ಇರಬೇಕು ಅನ್ನುವುದು ಹೋಟೆಲಿನವರ ವಾಡಿಕೆ ಲೆಕ್ಕ. ಅದು ಶೇ. 20 ಮುಟ್ಟಿದರೆ ಮೇಜುಗಳೆಲ್ಲ ತುಂಬಿದ್ದರೂ ಕೈಗೆ ಏನೂ ಉಳಿಯುವುದಿಲ್ಲ. ಬೆಲೆ ಏರಿಸೋಣ ಅಂದರೆ ದಿನಾ ಬರುವವರೇ ಮೊದಲು ದೂರವಾಗುತ್ತಾರೆ, ಅಲ್ವಾ?

ಕೆಫೆಯ ಲೆಕ್ಕ ಬೇರೆ. ಅಡುಗೆಮನೆ ಚಿಕ್ಕದು, ದೊಡ್ಡ ಒಲೆಗೂ ಹೊಗೆ ಕೊಳವೆಗೂ ಆಗುವ ಖರ್ಚು ಕಮ್ಮಿ, ಕೆಲಸಕ್ಕೆ ಕೆಲವೇ ಜನ ಸಾಕು, ಪಾನೀಯದಲ್ಲಿ ಲಾಭವೂ ಜಾಸ್ತಿ. ಹೊಸಬರನ್ನು ಸುಮ್ನೆ ದೂರುವುದು ಸರಿಯಲ್ಲ. ಅವರಲ್ಲೂ ಎಷ್ಟೋ ಜನ ಸಾಲ ಮಾಡಿಯೇ ಬಂದಿರುತ್ತಾರೆ.

ಹಳೆಯ ಹೋಟೆಲುಗಳು ಉಳಿಯಬೇಕು ಅಂತಿದ್ದರೆ ಊಟ ತರಿಸುವ ಆ್ಯಪ್ ಬಿಟ್ಟು ನೇರವಾಗಿ ಫೋನ್ ಮಾಡಿ, ನೀವೇ ಹೋಗಿ ತನ್ನಿ. ಆ್ಯಪ್‌ಗಳ ಕಮಿಷನ್ ಎಷ್ಟೋ ಕಡೆ ಶೇ. 15ರಿಂದ 30ರವರೆಗೂ ಇರುತ್ತದೆ. ಸಣ್ಣ ಹೋಟೆಲಿನ ಲಾಭವೆಲ್ಲ ಅಲ್ಲೇ ಹೋಗಿಬಿಡುತ್ತದೆ. ವಾರಾಂತ್ಯದ ನೂಕುನುಗ್ಗಲಿಗಿಂತ ವಾರದ ನಡುವೆ, ಮೇಜು ಖಾಲಿ ಇರುವ ಹೊತ್ತಿನಲ್ಲಿ ಹೋಗಿ. ಆಗ ಬರುವ ಒಬ್ಬೊಬ್ಬ ಗಿರಾಕಿಯೂ ಅವರಿಗೆ ಮುಖ್ಯ.